ಗ್ರೀನ್ ಕಾರ್ಡಿಗೆ ಕಂಪನಿ ಅರ್ಜಿ ಹಾಕುವುದು ಹೇಗೆ: ಪರ್ಮ್, ಐ-140 ಮತ್ತು ಊರಿನ ಕಾಗದಪತ್ರ

ಅಮೆರಿಕದ ಕಂಪನಿಯೊಂದು ಮೈಸೂರಿನ ಎಂಜಿನಿಯರನ್ನೋ ಮಂಡ್ಯದ ಲೆಕ್ಕಿಗರನ್ನೋ ಕಾಯಂ ಕೆಲಸಕ್ಕೆ ಸ್ಪಾನ್ಸರ್ ಮಾಡುವಾಗ ಎಲ್ಲವೂ ಒಂದು ದಿನಾಂಕದ ಸುತ್ತ ತಿರುಗುತ್ತದೆ. ಈ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಎಂದು ಕಂಪನಿ ಅಲ್ಲಿನ ಕಾರ್ಮಿಕ ಇಲಾಖೆಗೆ ಹಾಕುವ ಅರ್ಜಿಯೇ ಪರ್ಮ್. ಅದು ಸಲ್ಲಿಕೆಯಾದ ದಿನವೇ ಪ್ರಯಾರಿಟಿ ಡೇಟ್, ಅಂದರೆ ಗ್ರೀನ್ ಕಾರ್ಡಿನ ಸರದಿಯಲ್ಲಿ ಅಭ್ಯರ್ಥಿಯ ಜಾಗ ಗೊತ್ತುಮಾಡುವ ದಿನ. ಆ ದಿನಕ್ಕೆ ಅಭ್ಯರ್ಥಿಯ ಓದು, ಅನುಭವ ಪೂರ್ತಿಯಾಗಿರಬೇಕು. ಆ ದಿನದಿಂದಲೇ ಹೇಳಿದಷ್ಟು ಸಂಬಳ ಕೊಡುವ ಶಕ್ತಿ ಕಂಪನಿಗಿರಬೇಕು. ಮರುದಿನ ಕೈಗೆ ಬಂದ ಅರ್ಹತೆ ಲೆಕ್ಕಕ್ಕಿಲ್ಲ. ಆದ್ದರಿಂದ ಊರಿನ ಕಾಗದಗಳನ್ನು ಜಾಹೀರಾತು ಕೊಡುವ ಮೊದಲೇ ಹುಡುಕಿಸಿ ಇಟ್ಟುಕೊಳ್ಳಬೇಕು.

ಕೆಲಸದ ವಿವರಣೆ

ಹುದ್ದೆಗೆ ನಿಜವಾಗಿ ಬೇಕಾದ ಕನಿಷ್ಠ ಅರ್ಹತೆಯನ್ನಷ್ಟೇ ಬರೆಯಬೇಕು. ಮಾಸ್ಟರ್ಸ್ ಪದವಿ, ಇಲ್ಲವೇ ಪದವಿಯ ನಂತರ 5 ವರ್ಷಗಳ ಬೆಳೆಯುತ್ತ ಹೋದ ಅನುಭವ ಬೇಡುವ ಹುದ್ದೆ ಇಬಿ-2 ಎಂಬ ಗ್ರೀನ್ ಕಾರ್ಡ್ ವರ್ಗಕ್ಕೆ ಸೇರುತ್ತದೆ. ಬರೀ ಪದವಿ, ಅಥವಾ ಕನಿಷ್ಠ 2 ವರ್ಷದ ಕೌಶಲ ಬೇಡುವುದು ಇಬಿ-3. ಅದೇ ಕಂಪನಿಯಲ್ಲಿ ಕಲಿತ ಅನುಭವವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಹಳೆಯ ಹುದ್ದೆಗೂ ಹೊಸದಕ್ಕೂ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಾತ್ರ ದಾರಿಯಿದೆ.

ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು ಮೂರು ವರ್ಷದ ಬಿಎಸ್ಸಿ, ಬಿಕಾಂ ಪದವಿಗಳಲ್ಲಿ. ಅಲ್ಲಿನ ನಾಲ್ಕು ವರ್ಷದ ಪದವಿಗೆ ಇವು ಒಂಟಿಯಾಗಿ ಸಮ ಎನಿಸುವುದಿಲ್ಲ. ಜೊತೆಗೊಂದು ಡಿಪ್ಲೊಮಾ ಕೂಡಿಸಿ ಇಬಿ-2 ಕೇಳಿದರೆ ಐ-140 (ಪರ್ಮ್ ನಂತರ ಕಂಪನಿ ವಲಸೆ ಇಲಾಖೆಗೆ ಹಾಕುವ ಅರ್ಜಿ) ಹಂತದಲ್ಲಿ ತಿರಸ್ಕಾರವಾಗುವುದೇ ಹೆಚ್ಚು. ಇಂಥವರಿಗೆ ಇಬಿ-3ರ ಕುಶಲ ಕೆಲಸಗಾರರ ವಿಭಾಗವೇ ಸರಿ. ಅದಕ್ಕೆ ತಕ್ಕ ಮಾತುಗಳು ಪರ್ಮ್ ಅರ್ಜಿಯಲ್ಲೇ ಇರಬೇಕು, ಆಮೇಲೆ ತಿದ್ದಲಾಗದು.

ಸಂಬಳದ ನಿಗದಿ, ಜಾಹೀರಾತು, ಪರ್ಮ್

ಮೊದಲು ಇಟಿಎ-9141 ಫಾರಂ ಹಾಕಿ, ಆ ಊರಿನಲ್ಲಿ ಆ ಕೆಲಸಕ್ಕೆ ನಡೆಯುವ ಸಂಬಳ ಎಷ್ಟೆಂದು ಕಾರ್ಮಿಕ ಇಲಾಖೆಯಿಂದ ಬರೆಸಿಕೊಳ್ಳಬೇಕು. ಇದಕ್ಕೇ ತಿಂಗಳುಗಳು ಹಿಡಿಯುತ್ತವೆ. ಆಮೇಲೆ ಅಮೆರಿಕದವರು ಸಿಗುತ್ತಾರೋ ಎಂದು ಪ್ರಾಮಾಣಿಕವಾಗಿ ಹುಡುಕಬೇಕು. ರಾಜ್ಯದ ಉದ್ಯೋಗ ಕಚೇರಿಯಲ್ಲಿ 30 ದಿನದ ಪ್ರಕಟಣೆ, ಬೇರೆ ಬೇರೆ ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು, ಕೆಲಸದ ಜಾಗದಲ್ಲಿ ಸತತ 10 ಕೆಲಸದ ದಿನ ಸಂಬಳ ನಮೂದಿಸಿದ ನೋಟಿಸು. ಪದವಿ ಬೇಡುವ ಹುದ್ದೆಯಾದರೆ ನಿಯಮದಲ್ಲಿರುವ ಹತ್ತು ವಿಧಾನಗಳಲ್ಲಿ ಇನ್ನೂ ಮೂರು.

ದಿನಗಳ ಲೆಕ್ಕ ತಪ್ಪಿದರೆ ಅರ್ಜಿಯೇ ಬಿದ್ದುಹೋಗುತ್ತದೆ. ಈ ಹುಡುಕಾಟವೆಲ್ಲ ಅರ್ಜಿಗೆ ಹಿಂದಿನ 180 ದಿನಗಳ ಒಳಗೆ ನಡೆದಿರಬೇಕು. ಆ ಮೂರು ಹೆಚ್ಚುವರಿ ವಿಧಾನಗಳಲ್ಲಿ ಒಂದನ್ನು ಬಿಟ್ಟು ಉಳಿದದ್ದು ಮುಗಿದು 30 ದಿನ ಕಳೆದಿರಬೇಕು. ಬಂದ ಅರ್ಜಿಗಳನ್ನು ಕೆಲಸಕ್ಕೆ ಸಂಬಂಧಿಸಿದ ಕಾರಣಕ್ಕೆ ಮಾತ್ರ ತಳ್ಳಿಹಾಕಬಹುದು. ರೆಸ್ಯೂಮೆ ನೋಡಿ ಅನುಮಾನ ಬಂದರೆ ಫೋನ್ ಮಾಡಿ ಕೇಳಲೇಬೇಕು. ಯಾರಿಗಾಗಿ ಅರ್ಜಿಯೋ ಆ ವ್ಯಕ್ತಿ ಈ ಆಯ್ಕೆಯಲ್ಲಿ ಕೈಯಾಡಿಸುವಂತಿಲ್ಲ. ಹಿಂದಿನ ಆರು ತಿಂಗಳಲ್ಲಿ ಅದೇ ಪ್ರದೇಶದಲ್ಲಿ, ಅದೇ ಬಗೆಯ ಕೆಲಸದಿಂದ ಕಂಪನಿ ಯಾರನ್ನಾದರೂ ತೆಗೆದಿದ್ದರೆ ಅವರಿಗೆ ತಿಳಿಸಿ, ಪರಿಗಣಿಸಬೇಕು.

ಪರ್ಮ್ ಅರ್ಜಿಯಾದ 9089 ಫಾರಂ 2023ರ ಜೂನ್ 1ರಿಂದ ಫ್ಲ್ಯಾಗ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲೇ ಹೋಗುತ್ತದೆ. ತೀರ್ಮಾನಕ್ಕೆ ಈಚೆಗೆ ವರ್ಷದ ಮೇಲೆಯೇ ಹಿಡಿದಿದೆ. ಆಡಿಟ್ ಬಂದರೆ, ಅಂದರೆ ಇಲಾಖೆ ದಾಖಲೆ ಕೇಳಿದರೆ, ಉತ್ತರಕ್ಕೆ 30 ದಿನ. ಜಾಹೀರಾತಿನ ಹಾಳೆಯಿಂದ ಹಿಡಿದು ಪ್ರತಿ ರೆಸ್ಯೂಮೆಯನ್ನೂ 5 ವರ್ಷ ಜೋಪಾನ ಮಾಡಿ.

ಇನ್ನು ನೆಂಟಸ್ತಿಕೆಯ ವಿಷಯ. ಮಾಲೀಕರಿಗೆ ಅಭ್ಯರ್ಥಿ ಚಿಕ್ಕಪ್ಪನ ಮಗನೋ, ಬಾಮೈದನೋ, ಷಡ್ಡಕನೋ ಆಗಿದ್ದರೆ, ಕಂಪನಿಯಲ್ಲಿ ಷೇರು ಇದ್ದರೆ, ಅದನ್ನು ಫಾರಂನಲ್ಲಿ ಹೇಳಲೇಬೇಕು. ಹೇಳಿದರೆ ಪ್ರಶ್ನೆಗಳು ಹೆಚ್ಚು ಬರಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಂಜೂರಾದದ್ದೂ ರದ್ದಾಗುತ್ತದೆ.

ಪರ್ಮ್‌ನ ವಕೀಲರ ಶುಲ್ಕ, ಜಾಹೀರಾತಿನ ಖರ್ಚು ಪೂರ್ತಿ ಕಂಪನಿಯದ್ದೇ. ಕೆಲಸಗಾರರಿಂದ ವಸೂಲು ಮಾಡುವುದಾಗಲಿ, ಸಂಬಳದಲ್ಲಿ ಮುರಿದುಕೊಳ್ಳುವುದಾಗಲಿ ಕಾನೂನುಬಾಹಿರ. ಮೈಸೂರಲ್ಲಿ ಕೂತು “ಪರ್ಮ್ ಮಾಡಿಸಿಕೊಡುತ್ತೇವೆ, ಇಷ್ಟು ಲಕ್ಷ ಕಟ್ಟಿ” ಎನ್ನುವವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

ಐ-140

ಪರ್ಮ್ ಮಂಜೂರಾದ 180 ದಿನಗಳೊಳಗೆ ಐ-140 ಹಾಕದಿದ್ದರೆ ಮತ್ತೆ ಮೊದಲಿನಿಂದ. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ ಶುಲ್ಕ 715 ಡಾಲರ್. ಇದರ ಮೇಲೆ 600 ಡಾಲರ್, 25 ಅಥವಾ ಕಡಿಮೆ ನೌಕರರಿದ್ದರೆ 300. ಸಣ್ಣ ಕಂಪನಿಗಳು ಸೋಲುವುದು ಸಂಬಳ ಕೊಡುವ ಶಕ್ತಿಯ ಪುರಾವೆಯಲ್ಲಿ. ತೆರಿಗೆ ರಿಟರ್ನ್‌ನ ನಿವ್ವಳ ಆದಾಯ, ಇಲ್ಲವೇ ನಿವ್ವಳ ಚಾಲ್ತಿ ಆಸ್ತಿ (ಚಾಲ್ತಿ ಆಸ್ತಿಯಲ್ಲಿ ಚಾಲ್ತಿ ಸಾಲ ಕಳೆದದ್ದು) ಆ ಸಂಬಳದಷ್ಟಿರಬೇಕು, ಅಥವಾ ಆಗಲೇ ಅಷ್ಟು ಸಂಬಳ ಕೊಡುತ್ತಿರಬೇಕು. ತೆರಿಗೆ ಉಳಿಸಲು ಲಾಭವನ್ನು ಸೊನ್ನೆ ತೋರಿಸುವ ಕಂಪನಿ ಇಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದರಿಂದಲೇ ಪಾರಾಗಲು ಆಗುವುದಿಲ್ಲ.

ನರ್ಸ್‌ಗಳಿಗೆ, ಫಿಸಿಯೋಥೆರಪಿಸ್ಟ್‌ಗಳಿಗೆ ಹಾದಿ ಹತ್ತಿರದ್ದು. ಇವು ಷೆಡ್ಯೂಲ್ ಎ, ಅಂದರೆ ಅಮೆರಿಕದಲ್ಲಿ ಜನ ಸಾಲದೆಂದು ಕಾರ್ಮಿಕ ಇಲಾಖೆಯೇ ಪಟ್ಟಿ ಮಾಡಿದ ಹುದ್ದೆಗಳು. ಜಾಹೀರಾತು ಬೇಡ, ಸಂಬಳದ ನಿಗದಿ ಮತ್ತು ನೋಟಿಸು ಮುಗಿಸಿ ನೇರ ಐ-140 ಹಾಕಬಹುದು. ಆಗ ಐ-140 ಹಾಕಿದ ದಿನವೇ ಪ್ರಯಾರಿಟಿ ಡೇಟ್. ಎನ್‌ಕ್ಲೆಕ್ಸ್-ಆರ್‌ಎನ್ ಎಂಬ ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿಟ್ಟುಕೊಂಡ ನರ್ಸ್‌ಗೆ ಆಸ್ಪತ್ರೆಯ ಕೆಲಸ ಅರ್ಧ ಹಗುರ. ವೀಸಾಕ್ಕೆ ಮುನ್ನ, ಓದು, ಲೈಸೆನ್ಸ್, ಇಂಗ್ಲಿಷ್ ಸರಿಯಿದೆಯೆಂದು ತೋರಿಸುವ ವೀಸಾಸ್ಕ್ರೀನ್ ಪ್ರಮಾಣಪತ್ರವೂ ಬೇಕು.

ಭಾರತದಲ್ಲಿ ಹುಟ್ಟಿದವರ ಸರದಿ ಇಬಿ-2, ಇಬಿ-3 ಎರಡರಲ್ಲೂ ಹತ್ತು ವರ್ಷಕ್ಕೂ ಹಿಂದೆ ನಿಂತಿದೆ, ಒಂದು ದೇಶಕ್ಕೆ ಶೇ. 7ರ ಮಿತಿಯ ಕಾರಣದಿಂದ. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದ ಆರು ವರ್ಷ ಮುಗಿಯುವುದಕ್ಕೆ 365 ದಿನ ಮುಂಚೆ ಪರ್ಮ್ ಹಾಕಿದ್ದರೆ ವರ್ಷ ವರ್ಷ ವಿಸ್ತರಣೆ, ಐ-140 ಮಂಜೂರಾಗಿದ್ದರೆ ಮೂರು ವರ್ಷದ್ದು. ಸಂಬಳ ನಿಗದಿ, ಜಾಹೀರಾತಿಗೆ ಹಿಡಿಯುವ ಕಾಲ ಸೇರಿಸಿದರೆ ಕಂಪನಿ ನಾಲ್ಕನೇ ವರ್ಷದ ಹೊತ್ತಿಗಾದರೂ ಕೆಲಸ ಶುರು ಮಾಡಿರಬೇಕು. ಬೇರೆ ಕಂಪನಿಗೆ ಹೋದರೆ ಸಾಮಾನ್ಯವಾಗಿ ಪರ್ಮ್, ಐ-140 ಹೊಸದಾಗಿ ಬೇಕು. ಆದರೆ ಮಂಜೂರಾದ ಹಳೆಯ ಐ-140ರ ಪ್ರಯಾರಿಟಿ ಡೇಟ್ ಜೊತೆಯಲ್ಲೇ ಬರುತ್ತದೆ, ಅದರಲ್ಲಿ ವಂಚನೆ ಕಂಡಿರದಿದ್ದರೆ.

ಊರಿನಿಂದ ತರಿಸಬೇಕಾದದ್ದು

ಅನುಭವ ಪತ್ರವೇ ಮೊದಲನೆಯದು. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಂಪನಿಗಳ ರಿಲೀವಿಂಗ್ ಲೆಟರ್‌ನಲ್ಲಿ ಹುದ್ದೆ, ತಾರೀಖು ಬಿಟ್ಟರೆ ಸಾಮಾನ್ಯವಾಗಿ ಇನ್ನೇನೂ ಇರುವುದಿಲ್ಲ. ಬೇಕಾದದ್ದು ಲೆಟರ್‌ಹೆಡ್‌ನಲ್ಲಿ ಪೂರ್ಣಾವಧಿ ಎಂಬ ಮಾತು, ಮಾಡಿದ ಕೆಲಸ, ಬಳಸಿದ ಸಾಫ್ಟ್‌ವೇರ್ ಅಥವಾ ಯಂತ್ರ, ಸಹಿ ಹಾಕಿದವರ ಹೆಸರು ಹುದ್ದೆ. ಕಂಪನಿ ಮುಚ್ಚಿದ್ದರೆ ಅಂದಿನ ಮೇಲಧಿಕಾರಿಯ ಅಫಿಡವಿಟ್, ಜೊತೆಗೆ ಸಂಬಳದ ಚೀಟಿ, ಫಾರಂ 16, ಪಿಎಫ್ ಪಾಸ್‌ಬುಕ್.

ಪದವಿಯದ್ದು ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಸಹಿತ ಬೇಕು. 1998ರಲ್ಲಿ ವಿಟಿಯು ಬರುವ ಮುನ್ನ ಮೈಸೂರು ಕಡೆಯ ಕಾಲೇಜು ಸೇರಿದ ಎಂಜಿನಿಯರುಗಳ ದಾಖಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಇರುತ್ತದೆ. ಪದವಿಯ ನಂತರದ 5 ವರ್ಷ ಎಣಿಸುವಾಗ ಘಟಿಕೋತ್ಸವ ತಡವಾಗಿದ್ದರೆ ಪ್ರೊವಿಷನಲ್ ಸರ್ಟಿಫಿಕೇಟ್ ಕೈಹಿಡಿಯುತ್ತದೆ, ಅದನ್ನು ಕಳೆದುಕೊಳ್ಳಬೇಡಿ.

ಜನನ ಪ್ರಮಾಣಪತ್ರ ಗ್ರೀನ್ ಕಾರ್ಡಿನ ಕೊನೆಯ ಹಂತಕ್ಕೆ. ಅದರಲ್ಲಿ ಮಗುವಿನ ಹೆಸರು, ತಂದೆ ತಾಯಿ ಇಬ್ಬರ ಹೆಸರು ಇರಬೇಕು. ನಾಮಕರಣಕ್ಕೆ ಮುಂಚೆ ನೋಂದಾಯಿಸಿದ ಹಳೆಯ ದಾಖಲೆಗಳಲ್ಲಿ ಹೆಸರಿನ ಜಾಗ ಖಾಲಿ. ನಗರದಲ್ಲಿ ಪಾಲಿಕೆ, ಹಳ್ಳಿಯದ್ದಾದರೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ದಾಖಲೆಯೇ ಇಲ್ಲದಿದ್ದರೆ ಇಲ್ಲವೆಂಬ ಪ್ರಮಾಣಪತ್ರ ಪಡೆದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಹಿರಿಯರ ಅಫಿಡವಿಟ್ ಲಗತ್ತಿಸಬೇಕು.

ಇನಿಷಿಯಲ್ ಕೂಡ ಕಾಡುತ್ತದೆ. ಅಂಕಪಟ್ಟಿಯಲ್ಲಿ “ಮಂಜುನಾಥ ಎಚ್.ಸಿ.”, ಪಾಸ್‌ಪೋರ್ಟಿನಲ್ಲಿ ಎಚ್ ಎಂಬುದು ಹೊಳಲು, ಸಿ ಎಂಬುದು ಚಿಕ್ಕಣ್ಣ ಎಂದು ಬಿಡಿಸಿ ಬರೆದಿರುತ್ತದೆ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿ. ಕನ್ನಡದ ಕಾಗದಗಳಿಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ ಎಂದು ಬರೆದು ಅನುವಾದಕರು ಹೆಸರು, ವಿಳಾಸ, ತಾರೀಖಿನೊಂದಿಗೆ ಸಹಿ ಹಾಕಬೇಕು. ಮೊಹರು, ಹಿಂಬದಿಯ ಷರಾ ಯಾವುದನ್ನೂ ಬಿಡುವಂತಿಲ್ಲ.