ಎಡಗೈ ಮಾಡುತ್ತಿದ್ದದ್ದು ಹಿಡಿಯುವ ಕೆಲಸ

ಸ್ಕೂಟರಿನಿಂದ ಬಿದ್ದು ಭುಜದ ನರಗಳಿಗೆ ಪೆಟ್ಟಾದ ಮೇಲೆ ನನ್ನ ಎಡಗೈ ಮೇಲೇಳುವುದಿಲ್ಲ. ಮುಟ್ಟಿದರೂ ಗೊತ್ತಾಗುವುದಿಲ್ಲ. ನಮ್ಮದು ಉಡುಪಿ ಜಿಲ್ಲೆಯ ಶಂಕರಪುರ. ಮನೆಯ ಅಡುಗೆ, ಅಂಗಳದ ಮಲ್ಲಿಗೆ ಎರಡನ್ನೂ ನಾನೇ ನೋಡಿಕೊಳ್ಳುತ್ತಿದ್ದೆ.

ಮೊದಲ ಕೆಲವು ತಿಂಗಳು ಬಲಗೈಯ ವೇಗ ಹೆಚ್ಚಿಸಲು ಒದ್ದಾಡಿದೆ. ಏನೂ ಪ್ರಯೋಜನ ಆಗಲಿಲ್ಲ. ಒಂದು ದಿನ ಸುಮ್ನೆ ಕೂತು ಅತ್ತೆ ತರಕಾರಿ ಹೆಚ್ಚುವುದನ್ನು ನೋಡುತ್ತಿದ್ದೆ. ಅವರ ಎಡಗೈ ಬರೀ ಹಿಡಿದುಕೊಂಡಿರುತ್ತದೆ, ಅಲ್ವಾ? ಹಾಗಾದರೆ ನನಗೆ ಬೇಕಾದದ್ದು ಹಿಡಿದುಕೊಳ್ಳುವ ಏನಾದರೊಂದು, ಅಷ್ಟೇ.

ಹೊಸ ಚಾಕು ತಂದುಕೊಟ್ಟವರಿದ್ದಾರೆ. ಆದರೆ ಒದಗಿದ್ದು ಹಳೆಯ ಮೆಟ್ಟುಕತ್ತಿ, ಅಂದರೆ ಈಳಿಗೆಮಣೆ. ಕಾಲಲ್ಲಿ ಮೆಟ್ಟಿ ಕೂತರೆ ಕತ್ತಿ ಅಲುಗುವುದಿಲ್ಲ. ಮಟ್ಟು ಗುಳ್ಳ ಬದನೆಯನ್ನು ಅಲಗಿಗೆ ಒತ್ತಿದರೆ ಎರಡು ಹೋಳು. ತೊಟ್ಟಿನ ಮುಳ್ಳು ಮಾತ್ರ ಜಾಗ್ರತೆ. ತುರಿಮಣೆಯೂ ಹಾಗೆಯೇ, ಅಲ್ಲಿ ತೆಂಗಿನಕಾಯಿಯ ಕಡಿ ಮಾತ್ರ ತಿರುಗಬೇಕು. ಕಾಯಿ ಒಡೆಯಲು ಅಗಲದ ಪಾತ್ರೆಯಲ್ಲಿ ಒದ್ದೆ ಬಟ್ಟೆಯ ಸಿಂಬಿ ಇಟ್ಟು ಅದರ ಮೇಲೆ ಕೂರಿಸುತ್ತೇನೆ. ತಿರುಗಿಸಿ ತಿರುಗಿಸಿ ನಡುವಿಗೆ ಕತ್ತಿಯ ಹಿಂಬದಿಯಿಂದ ಪೆಟ್ಟು ಕೊಟ್ಟರೆ ಆಯಿತು. ನೀರು ಪಾತ್ರೆಗೇ ಬೀಳುತ್ತದೆ. ಬಟಾಟೆಗೆ ಬಡಗಿ ಒಂದು ಹಲಗೆ ಮಾಡಿಕೊಟ್ಟ. ತುಕ್ಕು ಹಿಡಿಯದ ಮೂರು ಮೊಳೆ ಕೆಳಗಿನಿಂದ ಮೇಲೆ ಬಂದಿವೆ. ಬಟಾಟೆಯನ್ನು ಅದಕ್ಕೆ ಚುಚ್ಚಿಟ್ಟು ಸಿಪ್ಪೆ ತೆಗೆಯುತ್ತೇನೆ.

ಒಂದು ಮಾತು ಹೇಳಲೇಬೇಕು. ಒಮ್ಮೆ ಸಾರು ಕಲಕುವಾಗ ಎಡಗೈ ಬಿಸಿ ಪಾತ್ರೆಗೆ ತಾಗಿತ್ತು. ಬೊಕ್ಕೆ ಎದ್ದ ಮೇಲೆಯೇ ನನಗೆ ಗೊತ್ತಾದದ್ದು. ಈಗ ಕೊರಳಿಗೆ ಬಟ್ಟೆ ಕಟ್ಟಿ, ಕೈಯನ್ನು ಅದರಲ್ಲಿ ಇಟ್ಟುಕೊಳ್ಳದೆ ಒಲೆಯ ಹತ್ತಿರ ಹೋಗುವುದಿಲ್ಲ. ರವಿಕೆ ಹಾಕುವಾಗ ಆಗದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಇಷ್ಟು ಗೊತ್ತಿದ್ದರೆ ಅರ್ಧ ಕಷ್ಟ ಕಡಿಮೆ.

ಜಾಸ್ತಿ ಕಾಡಿದ್ದು ಮಲ್ಲಿಗೆ. ಹೂವು ಕಟ್ಟುವುದು ನನಗೆ ಸಣ್ಣಂದಿನಿಂದ ಇಷ್ಟ. ಕಟ್ಟಿದ ಮಲ್ಲಿಗೆಯ ಲೆಕ್ಕ ಚೆಂಡಿನಲ್ಲಿ, ಒಂದು ಚೆಂಡು ಎಂದರೆ 800 ಮೊಗ್ಗು. ಬಾಳೆ ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿ ಶುರು ಮಾಡಿದೆ. ಅತ್ತೆ ನೋಡಿ ಮೆಲ್ಲಗೆ, "ದೇವರಿಗೆ ಹೋಗುವ ಹೂವು ಮಗಾ, ಕಾಲು ಬೇಡ" ಎಂದರು. ಅವರು ಹೇಳಿದ್ದು ಸರಿ. ಮಣೆಗೆ ಒಂದು ಮೊಳೆ ಹೊಡೆದು ನಾರನ್ನು ಅದಕ್ಕೆ ಕಟ್ಟಿದೆ. ಪಕ್ಕದಲ್ಲಿ ಹೊಸ ಸ್ಪಂಜಿನ ತುಂಡು ಅಂಟಿಸಿ ನಡುವೆ ಸೀಳಿದೆ. ಸೀಳಿನಲ್ಲಿ ನಾಲ್ಕು ಮೊಗ್ಗಿನ ತೊಟ್ಟು ಸಿಕ್ಕಿಸುವುದು, ಎರಡು ಈ ಕಡೆ ವಾಲಿಸಿ, ಎರಡು ಆ ಕಡೆ. ಹೆಬ್ಬೆರಳು, ತೋರುಬೆರಳಲ್ಲಿ ನಾರನ್ನು ಕುಣಿಕೆ ಮಾಡಿ ತೊಟ್ಟಿಗೆ ಇಳಿಸಿ ಎಳೆಯುವುದು. ನಾರು ಒದ್ದೆ ಇರಬೇಕು, ಒಣಗಿದರೆ ತುಂಡಾಗುತ್ತದೆ. ಜೋರಾಗಿ ಎಳೆದರೆ ತೊಟ್ಟೇ ಮುರಿಯುತ್ತದೆ. ಎಷ್ಟು ಎಳೆಯಬೇಕು ಎಂದು ಬೆರಳಿಗೆ ತಿಳಿಯಲು ತುಂಬ ದಿನ ಬೇಕಾಯಿತು.

ಮೊದಲ ಚೆಂಡು ಮುಗಿಯುವಾಗ ಹೂವು ಕೊಡುವ ಹೊತ್ತು ದಾಟಿತ್ತು. ಅದನ್ನು ಮಾರಲಿಲ್ಲ. ಅರ್ಧ ದೇವರಿಗೆ, ಅರ್ಧ ಮಗಳ ಜಡೆಗೆ. ಈಗ ಅತ್ತೆ ಮೂರು ಚೆಂಡು ಕಟ್ಟುವಷ್ಟರಲ್ಲಿ ನನ್ನದು ಒಂದು ಆಗುತ್ತದೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೊತ್ತಿಗೆ ಮುಂಚೆಯೇ ಬಾಳೆಲೆಯಲ್ಲಿ ಸುತ್ತಿ ಇಟ್ಟಿರುತ್ತೇವೆ.