ಗ್ರೀಸ್ ನಿಲ್ಲದ ಕಡೆ ಸಿಲಿಕೋನ್ ಲೇಪನ: ನನ್ನ ಅನುಭವ

ಬೇಕರಿ ಓವನ್ನಿನ ಟ್ರಾಲಿ ಜಾರುವ ಪಟ್ಟಿ, ಗಾಳಿಯ ಹರಿವು ತಡೆಯುವ ಡ್ಯಾಂಪರ್ ತಟ್ಟೆಯ ಶಾಫ್ಟ್, ಬಾಗಿಲಿನ ಕೀಲು, ಇವಕ್ಕೆಲ್ಲ ಒಂದೇ ಕಾಯಿಲೆ. 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸಾಮಾನ್ಯ ಗ್ರೀಸ್ ಒಣಗಿ ಕರಿಯಾಗುತ್ತದೆ, ಗಟ್ಟಿಯಾಗುತ್ತದೆ, ಕೊನೆಗೆ ಅದೇ ಭಾಗವನ್ನು ಉಜ್ಜತೊಡಗುತ್ತದೆ. ಪೀಣ್ಯದಲ್ಲಿ ಲೇಪನದ ಕೆಲಸ ಮಾಡುವ ನನ್ನ ಬಳಿ ಇಂಥ ಭಾಗಗಳು ಬರತೊಡಗಿದ ಮೇಲೆ ಸಿಲಿಕೋನ್ ರೆಸಿನ್‌ಗೆ (ಕಾಯಿಸಿದರೆ ಗಟ್ಟಿಯಾಗಿ ಪುಡಿಯನ್ನು ಹಿಡಿದಿಡುವ ಅಂಟು) ಘನ ಲೂಬ್ರಿಕಂಟ್, ಅಂದರೆ ಜಾರಿಕೆ ಕೊಡುವ ಪುಡಿ ಬೆರೆಸಿ ತೆಳುವಾದ ಒಣ ಪದರ ಕೊಡುವ ದಾರಿ ಹಿಡಿದೆ.

ಸಿಲಿಕೋನ್ ಏಕೆ? ಮೀಥೈಲ್-ಫಿನೈಲ್ ಎಂಬ ಬಗೆಯ ಸಿಲಿಕೋನ್ ರೆಸಿನ್‌ನ ಬೆನ್ನೆಲುಬು ಸಿಲಿಕಾನ್-ಆಮ್ಲಜನಕದ ಸರಪಳಿ. ಎಪಾಕ್ಸಿ ಸುಟ್ಟು ಹಳದಿಯಾಗುವ ಕಾವಿನಲ್ಲೂ ಅದು ನಿಲ್ಲುತ್ತದೆ. ಆದರೆ ಬಿಸಿಯಾದಾಗ ಸ್ವಲ್ಪ ಮೆದುವಾಗುತ್ತದೆ, ಉಜ್ಜಾಟವನ್ನು ತಾನಾಗಿ ತಾಳುವುದಿಲ್ಲ. ಮೈ ನುಣುಪಾಗಿದೆ ಎಂದು ಕೈಗೆ ಅನಿಸಿದರೂ ಉಕ್ಕು ಅದರ ಮೇಲೆ ಜಾರುತ್ತಿದ್ದರೆ ಬೇಗ ಹರಿದುಹೋಗುತ್ತದೆ. ಹಾಗಾಗಿ ಲೂಬ್ರಿಕಂಟ್ ಇಲ್ಲಿ ಘರ್ಷಣೆ ಇಳಿಸಿದರೆ ಸಾಲದು, ರೆಸಿನ್‌ನ ಜೀವವನ್ನೂ ಕಾಯಬೇಕು.

ಪುಡಿಗಳಲ್ಲಿ ನನ್ನ ಆಯ್ಕೆ ಮಾಲಿಬ್ಡಿನಂ ಡೈಸಲ್ಫೈಡ್ ಮತ್ತು ಗ್ರಾಫೈಟ್ ಜೋಡಿ. ಎರಡೂ ಪದರಪದರವಾದ ಹರಳುಗಳು. ಪದರಗಳ ನಡುವಿನ ಹಿಡಿತ ಸಡಿಲ, ಒತ್ತಡ ಬಿದ್ದರೆ ಒಂದರ ಮೇಲೊಂದು ಜಾರುತ್ತವೆ. ಆದರೆ ಸ್ವಭಾವ ತೀರ ಬೇರೆ. ಮಾಲಿ (ನಮ್ಮ ಶೆಡ್ಡಿನಲ್ಲಿ ಹಾಗೇ ಕರೆಯುವುದು) ಒಣ ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ತೇವದಲ್ಲಿ ಮಂಕಾಗುತ್ತದೆ. ಗ್ರಾಫೈಟ್‌ಗೆ ಗಾಳಿಯ ತೇವವೇ ಬೇಕು. ನೀರಾವಿ ಇಲ್ಲದ ಕಡೆ ಅದು ಜಾರುವ ಗುಣವನ್ನೇ ಕಳೆದುಕೊಳ್ಳುತ್ತದೆ. ಎತ್ತರದಲ್ಲಿ ಹಾರುವ ವಿಮಾನಗಳ ಜನರೇಟರಿನಲ್ಲಿ ತಿರುಗುವ ಭಾಗಕ್ಕೆ ತಾಗಿ ವಿದ್ಯುತ್ ಹಾಯಿಸುವ ಗ್ರಾಫೈಟ್ ಬ್ರಷ್‌ಗಳು ಪುಡಿಪುಡಿಯಾಗಿ ಸವೆಯುತ್ತಿದ್ದ ಸಮಸ್ಯೆಯಿಂದಲೇ ಇದು ಎಂಜಿನಿಯರುಗಳಿಗೆ ಮನದಟ್ಟಾದದ್ದು. ಈಗ ಓವನ್ನಿನ ದಿನಚರಿ ನೋಡಿ. ಮಳೆಗಾಲದ ಬೆಳಗ್ಗೆ ಶುರು ಮಾಡುವಾಗ ತಣ್ಣಗೆ, ತೇವವಾಗಿರುತ್ತದೆ. ಅರ್ಧ ದಿನ ಕಳೆಯುವಷ್ಟರಲ್ಲಿ ಒಣಗಿ ಕಾದಿರುತ್ತದೆ. ಶುರುವಿನಲ್ಲಿ ಗ್ರಾಫೈಟ್ ಭಾರ ಹೊರುತ್ತದೆ, ಕಾದ ಮೇಲೆ ಮಾಲಿ. ಒಂದನ್ನೇ ನೆಚ್ಚಿಕೊಂಡರೆ ದಿನದ ಒಂದು ಹೊತ್ತು ಕೈಕೊಡುತ್ತದೆ. ಗಾಳಿಯಲ್ಲಿ 350 ಡಿಗ್ರಿ ದಾಟಿದರೆ ಮಾಲಿ ಆಕ್ಸಿಡೀಕರಣಗೊಂಡು ಕೆಡತೊಡಗುತ್ತದೆ, ಆದ್ದರಿಂದ ಅದಕ್ಕಿಂತ ಬಿಸಿಯಾದ ಕೆಲಸ ನಾನು ಒಪ್ಪಿಕೊಳ್ಳುವುದಿಲ್ಲ. ಇನ್ನೊಂದು ಪುಡಿ ಪಿಟಿಎಫ್‌ಇ (ಟೆಫ್ಲಾನ್ ಎಂದು ಜನ ಕರೆಯುವ ಪ್ಲಾಸ್ಟಿಕ್) 327 ಡಿಗ್ರಿಯಲ್ಲಿ ಕರಗುತ್ತದೆ, ಸತತವಾಗಿ 260ರವರೆಗೆ ಮಾತ್ರ ಭರವಸೆ. ಓವನ್ನಿನ ತಂಪಾದ ಹೊರಭಾಗಗಳಿಗೆ ಅದನ್ನು ಬಳಸುತ್ತೇನೆ.

ಇನ್ನು ಎಷ್ಟು ಬೆರೆಸಬೇಕು ಎಂಬುದು. ಈ ಕೆಲಸದ ತಿರುಳೇ ಇದು. ತಕ್ಕಡಿಯ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಒಣಗಿದ ರೆಸಿನ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಂ, ಮಾಲಿಯದು 4.8, ಗ್ರಾಫೈಟ್‌ನದು 2.25. 100 ಗ್ರಾಂ ರೆಸಿನ್‌ಗೆ 100 ಗ್ರಾಂ ಮಾಲಿ ಹಾಕಿದರೆ ಪದರದಲ್ಲಿ ಪುಡಿ ತುಂಬುವ ಜಾಗ ಶೇ. 20, ಅಷ್ಟೇ ತೂಕದ ಗ್ರಾಫೈಟ್ ಹಾಕಿದರೆ ಶೇ. 35. ತೂಕ ಒಂದೇ, ಪದರ ಮಾತ್ರ ಬೇರೆಯೇ. ಆದ್ದರಿಂದ ನಾನು ಯಾವ ಪುಡಿಯನ್ನೂ ಗಾತ್ರದ, ಅಂದರೆ ಅದು ತುಂಬುವ ಜಾಗದ ಲೆಕ್ಕದಲ್ಲೇ ಯೋಚಿಸುತ್ತೇನೆ, ತೂಗುವುದು ಕೊನೆಗೆ.

ಪುಡಿ ಹೆಚ್ಚಿಸಿದಂತೆ ಘರ್ಷಣೆ ಇಳಿಯುತ್ತದೆ, ಒಂದು ಹಂತದಲ್ಲಿ ಇಳಿಯುವುದು ನಿಲ್ಲುತ್ತದೆ. ಸವಕಳಿಯ ನಡೆ ಹಾಗಲ್ಲ: ಮೊದಲು ಇಳಿದು, ತಳ ಮುಟ್ಟಿ, ಮತ್ತೆ ಏರುತ್ತದೆ. ಪುಡಿಯ ಕಣಗಳ ನಡುವಿನ ಸಂದು ತುಂಬಲು ರೆಸಿನ್ ಸಾಲದೆ ಹೋದಾಗ ಪದರ ಸೀಮೆಸುಣ್ಣದಂತೆ ಉದುರುತ್ತದೆ. ಗಿರಾಕಿ ಕೈಯಲ್ಲಿ ಸವರಿ "ಆಹಾ ಎಷ್ಟು ಜಾರುತ್ತದೆ" ಎನ್ನುವ ಲೇಪನ ಸಾಮಾನ್ಯವಾಗಿ ಇಂಥದ್ದೇ. ನನ್ನ ಮಿಶ್ರಣಗಳಲ್ಲಿ ಎರಡೂ ಪುಡಿ ಸೇರಿ ಗಾತ್ರದಲ್ಲಿ ಶೇ. 30ರ ಆಸುಪಾಸು ನಿಂತಿದೆ.

ಪದರ ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾಸಾದ ಗೆಲಿಲಿಯೋ ಬಾಹ್ಯಾಕಾಶ ನೌಕೆಗಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. 1989ರಲ್ಲಿ ಗುರುಗ್ರಹದತ್ತ ಹೊರಟ ಅದರ ಕೊಡೆಯಂಥ ಮುಖ್ಯ ಆಂಟೆನಾ 1991ರ ಏಪ್ರಿಲ್‌ನಲ್ಲಿ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಉಡಾವಣೆಗೆ ಮುಂಚೆ ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾ ನಡುವೆ ಲಾರಿಯಲ್ಲಿ ಓಡಾಡಿದ ಕುಲುಕಾಟಕ್ಕೆ ಪಿನ್ನುಗಳ ಮೇಲಿನ ಒಣ ಲೂಬ್ರಿಕಂಟ್ ಸವೆದು, ಆಂಟೆನಾದ ಕೆಲವು ಕಡ್ಡಿಗಳು ಸಿಕ್ಕಿಕೊಂಡವು ಎಂಬುದು ತನಿಖೆ ಮಾಡಿದವರ ಅಭಿಪ್ರಾಯ. ನಾನು ಲೇಪಿಸಿದ ಭಾಗಗಳನ್ನು ಒಂದಕ್ಕೊಂದು ತಾಗದಂತೆ ಸುತ್ತಿ ಕಳಿಸುವುದು ಇದಕ್ಕೇ.

ಮೈ ಸಿದ್ಧಪಡಿಸುವ ಕೆಲಸದಲ್ಲಿ ರಿಯಾಯಿತಿಯಿಲ್ಲ. ಎಣ್ಣೆ ತೆಗೆದು, ಸಣ್ಣ ಅಲ್ಯುಮಿನಾ ಗ್ರಿಟ್‌ನಿಂದ ಬ್ಲಾಸ್ಟ್ ಮಾಡಿ (ಗಡಸು ಹರಳನ್ನು ಗಾಳಿಯ ರಭಸಕ್ಕೆ ಹೊಡೆದು ಮೈ ಒರಟು ಮಾಡಿ), ಅದೇ ದಿನ ಸ್ಪ್ರೇ. ತಣ್ಣನೆಯ ಭಾಗಗಳಿಗೆ ಉಕ್ಕಿನ ಮೇಲೆ ಬೆಳೆಸುವ ಮ್ಯಾಂಗನೀಸ್ ಫಾಸ್ಫೇಟ್ ಹರಳಿನ ಪದರ ಒಳ್ಳೆಯ ತಳಪಾಯ, ಆದರೆ ಕಾವಿಗೆ ಆ ಹರಳುಗಳೊಳಗಿನ ನೀರು ಹೊರಟುಹೋಗುತ್ತದೆ. ಓವನ್ ಭಾಗಗಳಿಗೆ ಬ್ಲಾಸ್ಟಿಂಗ್ ಒಂದನ್ನೇ ನಂಬುತ್ತೇನೆ. ಕ್ಸೈಲೀನ್ ದ್ರಾವಕದಲ್ಲಿ ತೆಳು ಮಾಡಿದ ಮಿಶ್ರಣದಲ್ಲಿ ಮಾಲಿ ಬೇಗ ತಳ ಸೇರುವುದರಿಂದ ಸ್ಪ್ರೇ ಗನ್ನಿನ ಬಟ್ಟಲನ್ನು ಆಗಾಗ ಕಲಕಲೇಬೇಕು. ಪದರದ ದಪ್ಪ 10ರಿಂದ 15 ಮೈಕ್ರಾನ್. ದಪ್ಪ ಹೊಡೆದರೆ ಬಾಳಿಕೆ ಹೆಚ್ಚು ಎಂದು ಎಲ್ಲರೂ ಎಣಿಸುತ್ತಾರೆ. ದಪ್ಪ ಪದರ ಭಾರಕ್ಕೆ ಒಳಗೇ ಬಿರಿದು ಚಕ್ಕೆಯಾಗಿ ಏಳುತ್ತದೆ. ದ್ರಾವಕ ಪೂರ್ತಿ ಆರಲು ಬಿಟ್ಟು, ನಿಧಾನ ಕಾಯಿಸಿ, 230 ಡಿಗ್ರಿಯಲ್ಲಿ ಒಂದು ಗಂಟೆ. ಅವಸರದಲ್ಲಿ ಕಾಯಿಸಿದರೆ ಸೂಜಿರಂಧ್ರಗಳು ಖಚಿತ. ಸಿಲಿಕೋನ್ ಸ್ಪ್ರೇಗೆ ಬೇರೆಯೇ ಬೂತ್ ಇಡಿ. ಅದರ ಮಂಜು ಪಕ್ಕದ ಬಣ್ಣದ ಕೆಲಸದ ಮೇಲೆ ಬಿದ್ದರೆ ಅಲ್ಲೆಲ್ಲ ಮೀನುಗಣ್ಣಿನಂಥ ಕುಳಿಗಳು ಏಳುತ್ತವೆ.

ಪರೀಕ್ಷೆಯಲ್ಲೂ ಗಾತ್ರದ ಮಾತು ಬರುತ್ತದೆ. ಲೇಪನವನ್ನು ಚಕ್ರದಿಂದ ಉಜ್ಜಿ ಪರೀಕ್ಷಿಸುವ ಟೇಬರ್ ಯಂತ್ರ ಸವೆದದ್ದನ್ನು ಮಿಲಿಗ್ರಾಂನಲ್ಲಿ ಹೇಳುತ್ತದೆ. ಮಾಲಿ ತುಂಬಿದ ಪದರ ಭಾರ, ಪಿಟಿಎಫ್‌ಇ ತುಂಬಿದ್ದು ಹಗುರ. ಒಂದೇ ಆಳಕ್ಕೆ ಸವೆದರೂ ಮಾಲಿಯದ್ದೇ ಹೆಚ್ಚು ಹೋದಂತೆ ಕಾಣುತ್ತದೆ. ಆಳಕ್ಕೆ ಪರಿವರ್ತಿಸಿಯೇ ಹೋಲಿಸುತ್ತೇನೆ.

ಹೊಸ ದೋಸೆಕಲ್ಲಿನ ಹಾಗೆ ಈ ಪದರವನ್ನೂ ಮೊದಲು ಪಳಗಿಸಬೇಕು. ಹಗುರ ಭಾರದಲ್ಲಿ ನಿಧಾನವಾಗಿ ಓಡಿಸಿದಾಗ ಮೇಲಿನ ಪುಡಿ ಎದುರಿನ ಉಕ್ಕಿಗೂ ಮೆತ್ತಿಕೊಂಡು, ಲೂಬ್ರಿಕಂಟ್ ಮೇಲೆ ಲೂಬ್ರಿಕಂಟ್ ಜಾರುತ್ತದೆ. ಆಮೇಲೆ ಅದರ ಮೇಲೆ ಎಣ್ಣೆ, ಗ್ರೀಸ್ ಹಚ್ಚಬಾರದು. ಮೆತ್ತಿದ ಪುಡಿ ತೊಳೆದುಹೋಗುತ್ತದೆ. ಈ ಮಾತನ್ನು ಮಾಲೀಕರಿಗಲ್ಲ, ಮೆಂಟೆನೆನ್ಸ್ ಹುಡುಗರಿಗೇ ನಿಂತು ಹೇಳುತ್ತೇನೆ. ಹೆಚ್ಚು ಭಾರ ಬೀಳುವ ಬೇರಿಂಗ್‌ಗೆ ಈ ಲೇಪನ ಕೇಳಿ ಬಂದವರಿಗೆ ಸಿಲಿಕೋನ್ ಬದಲು ಫೀನಾಲಿಕ್ ಅಥವಾ ಪಾಲಿಅಮೈಡ್-ಇಮೈಡ್ ಬೈಂಡರ್ (ಪುಡಿ ಹಿಡಿದಿಡುವ ರೆಸಿನ್) ಸೂಚಿಸಿ ಕಳಿಸುತ್ತೇನೆ. ತಿಂಡಿಗೆ ತಾಗುವ ಭಾಗಕ್ಕೆ ಮಾಲಿಯ ಕಪ್ಪು ಮಸಿ ಬೇಡ. ಬಿಳಿಯ ಬೋರಾನ್ ನೈಟ್ರೈಡ್ ಪುಡಿ ನೋಡಬಹುದು, ಆದರೆ ಆಹಾರಕ್ಕೆ ತಾಗಬಹುದೆಂಬ ಪ್ರಮಾಣಪತ್ರ ಇಡೀ ಮಿಶ್ರಣಕ್ಕೆ ಇರಬೇಕು, ಪುಡಿಯೊಂದಕ್ಕೇ ಅಲ್ಲ.

ಅಂಚಿನಲ್ಲಿ ಉಕ್ಕು ಹೊಳೆಯತೊಡಗಿದ ಕೂಡಲೇ ಭಾಗ ಕಳಚಿ ಕಳಿಸಿ ಎಂದಿದ್ದೇನೆ. ಗಟ್ಟಿಯಾದ ಸಿಲಿಕೋನ್ ಮೇಲೆ ಹೊಸ ಪದರ ಹಿಡಿಯುವುದಿಲ್ಲ, ಹಳೆಯದನ್ನೆಲ್ಲ ಬ್ಲಾಸ್ಟ್ ಮಾಡಿ ತೆಗೆದೇ ಮತ್ತೆ ಹೊಡೆಯಬೇಕು.