ಕಲಬುರಗಿಯಲ್ಲೇ ಕೂತು ಹಾಡು, ಸಿನಿಮಾ, ಯೂಟ್ಯೂಬ್ ಕೇಸಿನ ವಕೀಲರಾಗೋದು ಹೇಗೆ?

ಮೀಡಿಯಾ ಲಾ ಮಾಡಬೇಕು ಅಂದ್ರೆ ಬೆಂಗಳೂರಿಗೋ ಮುಂಬೈಗೋ ಹೋಗಲೇಬೇಕು ಅಂತ ನಮ್ಮ ಕಡೆಯ ಲಾ ಹುಡುಗರು ನಂಬಿಬಿಟ್ಟಿದ್ದಾರೆ. ಮುಂದೆ ಹೋಗಿ, ಬೇಡ ಅನ್ನಲ್ಲ. ಆದರೆ ಶುರು ಮಾಡೋಕೆ ಕಲಬುರಗಿ ಸಾಕು, ಯಾಕಂದ್ರೆ ಕೇಸುಗಳು ಇಲ್ಲೇ ಹುಟ್ಟುತ್ತಿವೆ. ಅಫಜಲಪುರದ ಕಡೆಯವರೊಬ್ಬರು ಜಾನಪದ ಶೈಲಿಯ ಹಾಡು ಬರೆದು, ಹಾಡಿ, ಯೂಟ್ಯೂಬಿಗೆ ಹಾಕಿರುತ್ತಾರೆ, ಇನ್ಯಾರೋ ಅದಕ್ಕೆ ಡಿಜೆ ಬೀಟ್ ಸೇರಿಸಿ ತಮ್ಮ ಚಾನೆಲ್‌ನಲ್ಲಿ ಬಿಡುತ್ತಾರೆ, ಊರೂರ ಮದುವೆ ಮೆರವಣಿಗೆಯಲ್ಲಿ ಅದೇ ಹಾಡು ಕುಣಿಸುತ್ತದೆ, ಬರೆದವರ ಕೈಗೆ ಮಾತ್ರ ಒಂದು ಪೈಸೆ ಬರಲ್ಲ.

ಓದಿನ ವಿಷಯ ಬೇಗ ಮುಗಿಸುತ್ತೇನೆ. ಪಿಯುಸಿ ಆದಮೇಲೆ 5 ವರ್ಷ, ಇಲ್ಲಾ ಡಿಗ್ರಿ ಆದಮೇಲೆ 3 ವರ್ಷ. ನ್ಯಾಷನಲ್ ಲಾ ಸ್ಕೂಲ್ ಸಿಕ್ಕರೆ ಒಳ್ಳೆಯದೇ, ಸಿಗದಿದ್ದರೆ ಸೇಠ್ ಶಂಕರಲಾಲ್ ಲಾಹೋಟಿ ಕಾಲೇಜಿನಲ್ಲಿ ಓದಿ, ಏನೂ ಕೊರತೆ ಆಗಲ್ಲ. ಸನ್ನದು, ಅಂದರೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಮಾಡಿಸುವಾಗ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲೇ ಹೇಳಿದೆ. ಆಮೇಲೆ ಎಐಬಿಇ, ಅಂದರೆ ಅಖಿಲ ಭಾರತ ವಕೀಲರ ಪರೀಕ್ಷೆ, ಪಾಸಾಗಬೇಕು.

ಈಗ ಮುಖ್ಯ ಮಾತು. ಮೊದಲ ಎರಡು ಮೂರು ವರ್ಷ ಕಾಪಿರೈಟ್ ಅಂತ ಹುಡುಕಿಕೊಂಡು ಹೋಗಬೇಡಿ, ಒಬ್ಬ ಗಟ್ಟಿ ಸಿವಿಲ್ ಸೀನಿಯರ್ ಹತ್ತಿರ ಸೇರಿ. ಹೊಲದ ಪಾಲಿನ ದಾವೆ ಅಂದರೆ ಹುಡುಗರಿಗೆ ಬೇಜಾರು, ಗೊತ್ತು. ಆದರೆ ಬದುವಿನ ಜಗಳದಲ್ಲಿ ತಡೆಯಾಜ್ಞೆ ಕೇಳುವಾಗ ನ್ಯಾಯಾಧೀಶರು ನೋಡುವ ಮೂರು ಸಂಗತಿ ಇವೆಯಲ್ಲ, ಮೇಲ್ನೋಟಕ್ಕೆ ನಿಮ್ಮ ಕೇಸಿನಲ್ಲಿ ಹುರುಳಿದೆಯಾ, ಆದೇಶ ಕೊಟ್ಟರೆ ಕೊಡದಿದ್ದರೆ ಯಾರಿಗೆ ಜಾಸ್ತಿ ತೊಂದರೆ, ಆಗುವ ನಷ್ಟ ದುಡ್ಡಿನಿಂದ ತುಂಬುವಂಥದ್ದಾ, ಸಿನಿಮಾ ಬಿಡುಗಡೆಗೆ ಸ್ಟೇ ಕೇಳುವಾಗಲೂ ಅವರು ನೋಡುವುದು ಅದನ್ನೇ. ವಾದಪತ್ರ (ದಾವೆ ಹೂಡುವ ಅರ್ಜಿ) ಬರೆಯೋದು, ಪಾಟಿ ಸವಾಲು ಮಾಡೋದು ಇಲ್ಲಿ ಬಂದರೆ ಎಲ್ಲಾ ಕಡೆ ಬರುತ್ತದೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಪತ್ರಿಕೆ ವರದಿಯ ಮೇಲೆ ವಿಚಾರಣೆಗೆ ಮುಂಚೆಯೇ ಸುಮ್ನೆ ತಡೆ ಕೊಡಬಾರದು ಅಂತ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮತ್ತು ಜೀ ಟಿವಿ ಕಂಪನಿ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾನನಷ್ಟದ ಕಕ್ಷಿದಾರ ‘ನಾಳೇನೇ ಸ್ಟೇ ತರ್ರಿ’ ಅಂದರೆ ಇದನ್ನು ಮೊದಲೇ ತಿಳಿಸಿಬಿಡಿ.

ಜೊತೆಜೊತೆಗೆ 1957ರ ಕೃತಿಸ್ವಾಮ್ಯ ಕಾಯ್ದೆ ಓದಿ. ಗೈಡ್ ಬೇಡ, ಮೂಲ ಕಾಯ್ದೆಯನ್ನೇ. 19ನೇ ಸೆಕ್ಷನ್ ಬಾಯಿಪಾಠ ಆಗಬೇಕು. ಹಕ್ಕು ಬರೆದುಕೊಡುವುದು ಲಿಖಿತವಾಗಿಯೇ ಇರಬೇಕು, ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸ್ಟುಡಿಯೋದವರು ಸಹಿ ಹಾಕಿಸಿಕೊಂಡ ಒಂದು ಪುಟದ ಕಾಗದದಲ್ಲಿ ಇವೆರಡೂ ಇರಲ್ಲ ಅಂದುಕೊಳ್ಳಿ. ‘ಎಲ್ಲಾ ಬರಕೊಟ್ಟೀನಿ ಸಾಹೇಬ್ರ, ಮುಗೀತು’ ಅಂತ ಕೈಚೆಲ್ಲಿ ಕೂತ ಗಾಯಕನಿಗೆ ಅಲ್ಲಿ ದಾರಿ ತೆರೆದುಕೊಳ್ಳುತ್ತದೆ.

ಇನ್ನೊಂದು ಗೊಂದಲ ನಮ್ಮ ಕಡೆ ತುಂಬಾ ಇದೆ. ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಯಾರು ಬೇಕಾದರೂ ಹಾಡಬಹುದು, ಬರೆದವರು ತೀರಿಕೊಂಡು 60 ವರ್ಷ ದಾಟಿದ ಮೇಲೆ ಸಾಹಿತ್ಯ ಎಲ್ಲರದ್ದು. ಆದರೆ ಅದನ್ನೇ ಹೋದ ವರ್ಷ ಭಜನಾ ಮಂಡಳಿಯೊಂದು ಹಾಡಿ ರೆಕಾರ್ಡ್ ಮಾಡಿದ್ದರೆ ಆ ರೆಕಾರ್ಡಿಂಗ್ ಎಲ್ಲರದ್ದಲ್ಲ. ಪದ ಬೇರೆ, ಧ್ವನಿಮುದ್ರಣ ಬೇರೆ, ಹಾಡುಗಾರರ ಹಕ್ಕು ಇನ್ನೂ ಬೇರೆ. ಕೇಸು ಬಂದಾಗ ಮೊದಲು ಈ ಮೂರನ್ನೂ ಬಿಡಿಸಿ ಬರೆದುಕೊಳ್ಳಿ.

ಕಂಪನಿ ಬೆಂಗಳೂರಿನದ್ದಾದರೆ ದಾವೆ ಅಲ್ಲೇ ಹಾಕಬೇಕಾ? ಬೇಡ. 62ನೇ ಸೆಕ್ಷನ್ ಪ್ರಕಾರ ಹಕ್ಕುದಾರ ತಾನು ವಾಸಿಸುವ ಜಾಗದ ಜಿಲ್ಲಾ ನ್ಯಾಯಾಲಯಕ್ಕೇ ಹೋಗಬಹುದು. ಕಲಬುರಗಿಯಲ್ಲಿ ಮೀಡಿಯಾ ವಕೀಲರಾಗಬಹುದು ಅಂತ ನಾನು ಧೈರ್ಯವಾಗಿ ಹೇಳುವುದೇ ಇದರ ಮೇಲೆ. ಮೇಲ್ಮನವಿಗೆ ಹೈಕೋರ್ಟ್ ಪೀಠವೂ ಇಲ್ಲೇ ಇದೆ, 2013ರಿಂದ ಕಾಯಂ ಪೀಠ. ದಾವೆಯ ಮೌಲ್ಯ 3 ಲಕ್ಷ ಮುಟ್ಟಿದರೆ 2015ರ ವಾಣಿಜ್ಯ ನ್ಯಾಯಾಲಯ ಕಾಯ್ದೆ ಬರುತ್ತದೆ. ಆಗ ತುರ್ತು ತಡೆಯಾಜ್ಞೆ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು, ನೇರವಾಗಿ ಹಾಕಿದರೆ ವಾದಪತ್ರ ತಿರಸ್ಕಾರ ಆಗುತ್ತದೆ.

ಸಾಕ್ಷ್ಯದ ಕೆಲಸ ಮಾತ್ರ ನಿಧಾನವಾಗಿ, ಕೈಯಾರೆ ಕಲಿಯಿರಿ. ಕಕ್ಷಿದಾರರು ಒಂದು ಸ್ಕ್ರೀನ್‌ಶಾಟ್ ತೋರಿಸಿ ‘ಇಕಾ ನೋಡ್ರಿ’ ಅನ್ನುತ್ತಾರೆ. ಅದು ಸಾಲಲ್ಲ. ಲಿಂಕ್ ಪೂರ್ತಿ ಬರೆದುಕೊಳ್ಳಿ, ಚಾನೆಲ್ ಹೆಸರು, ಹಾಕಿದ ತಾರೀಕು, ನೀವು ನೋಡಿದ ತಾರೀಕು, ಸಮಯ. ಅವರ ಫೋನಿನಲ್ಲಿರುವ ಮೂಲ ವಿಡಿಯೋವನ್ನು ವಾಟ್ಸಾಪಿನಲ್ಲಿ ಕಳಿಸಿ ಅನ್ನಬೇಡಿ, ಅಲ್ಲಿ ಫೈಲ್ ಕುಗ್ಗುತ್ತದೆ, ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ಬದಲಾಗುತ್ತದೆ. ಕೇಬಲ್ ಹಾಕಿ ನೇರ ಪೆನ್‌ಡ್ರೈವಿಗೆ ಇಳಿಸಿ ಹ್ಯಾಶ್ ತೆಗೆಯಿರಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಆ ಹ್ಯಾಶ್ ಬರೆಯಬೇಕು, ಒಂದು ಭಾಗಕ್ಕೆ ಪಕ್ಷಕಾರರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ನಿನ ನಮೂನೆಯನ್ನೇ ಕಾಪಿ ಹೊಡೆಯುವವರು ಇನ್ನೂ ಇದ್ದಾರೆ, ಎದುರಿನ ವಕೀಲರು ಕಾಯುವುದೇ ಅದಕ್ಕೆ!

ಯೂಟ್ಯೂಬ್ ಸ್ಟ್ರೈಕಿನ ಲೆಕ್ಕವೂ ಗೊತ್ತಿರಲಿ. ನಿಮ್ಮವರು ದೂರು ಕೊಟ್ಟು ವಿಡಿಯೋ ತೆಗೆಸಿದ ಮೇಲೆ ಎದುರಿನವರು ‘ತೆಗೆದದ್ದು ತಪ್ಪು’ ಅಂತ ಪ್ರತಿ-ನೋಟಿಸ್ ಕೊಟ್ಟರೆ, ಅಮೆರಿಕದ 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋಗಿದ್ದೇವೆ ಅಂತ ತೋರಿಸಬೇಕು. ಇಲ್ಲದಿದ್ದರೆ ವಿಡಿಯೋ ವಾಪಸ್ ಬರಬಹುದು. ಅಂದರೆ ದೂರು ಕೊಡುವ ದಿನವೇ ವಾದಪತ್ರದ ಕರಡು ತಯಾರಿರಲಿ.

ದುಡ್ಡು? ಶುರುವಿನಲ್ಲಿ ಕಡಿಮೆ. ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು, ಶಿಫಾರಸು ಅಷ್ಟೇ. ಹಾಗಾಗಿ ಚೆಕ್ ಬೌನ್ಸ್, ಅಪಘಾತ ಪರಿಹಾರದ ಕೇಸು ಬಿಡಬೇಡಿ, ಆಫೀಸ್ ಬಾಡಿಗೆ ಅದರಲ್ಲೇ ಹೋಗುತ್ತದೆ. ಮೀಡಿಯಾ ಕೆಲಸದಲ್ಲಿ ಮೊದಲು ಕೈಗೆ ಬರುವ ದುಡ್ಡು ದಾವೆಯದ್ದಲ್ಲ, ಒಪ್ಪಂದದ್ದು. ಹಾಡುಗಾರರು, ಮದುವೆ ವಿಡಿಯೋ ಮಾಡುವವರು, ಕಿರುಚಿತ್ರದ ಹುಡುಗರು ಸಹಿ ಹಾಕುವ ಮುಂಚೆ ಕಾಗದ ನಿಮಗೆ ತೋರಿಸಲಿ, ಓದಿ ತಿದ್ದಿಕೊಟ್ಟದ್ದಕ್ಕೆ ಫೀಸು ತಗೊಳ್ಳಿ, ಸಣ್ಣದಾದರೂ ಸರಿ, ರಸೀದಿ ಕೊಟ್ಟು.